ಹಿನ್ನೀರಿನ ಹಬ್ಬಕ್ಕೆ ಮೊದಲು ದಂಡೆಯವರನ್ನು ಕರೆಯಿರಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಶಿವಮೊಗ್ಗ ಜಿಲ್ಲೆ

ಪ್ರತಿ: ಪ್ರವಾಸೋದ್ಯಮ ಇಲಾಖೆ, ಅರಣ್ಯ ಇಲಾಖೆ, ಕರ್ನಾಟಕ ವಿದ್ಯುತ್ ನಿಗಮ, ಮತ್ತು ಶರಾವತಿ ಹಿನ್ನೀರಿನ ದಂಡೆಯ ಎಲ್ಲ ಗ್ರಾಮ ಪಂಚಾಯಿತಿಗಳಿಗೆ

ವಿಷಯ: ಶರಾವತಿ ಹಿನ್ನೀರಿನಲ್ಲಿ ಕಯಾಕ್ ಹಬ್ಬ ನಡೆಸುವ ಬಗ್ಗೆ

ಮಾನ್ಯರೇ, ನಮಸ್ಕಾರ.

ಶರಾವತಿ ಹಿನ್ನೀರಿನಲ್ಲಿ ಒಂದು ಕಯಾಕ್ ಹಬ್ಬ ಮಾಡಿ ಅಂತ ಕೇಳಲು ಈ ಪತ್ರ. ಹೇಗೆ ಮಾಡಬಾರದು ಅನ್ನುವುದನ್ನೂ ಇದರಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಉತ್ಸವ ಅಂದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ವೇದಿಕೆಗೆ ಖರ್ಚು ಜಾಸ್ತಿ, ಸನ್ಮಾನಕ್ಕೆ ಸಮಯ ಜಾಸ್ತಿ, ರಾತ್ರಿ ರಸಮಂಜರಿ, ಬೆಳಿಗ್ಗೆ ದಂಡೆ ತುಂಬ ಪ್ಲಾಸ್ಟಿಕ್ ಲೋಟ. ಹಾಗಾಗುವುದಾದರೆ ಹಬ್ಬ ಬೇಡವೇ ಬೇಡ. ಹಿನ್ನೀರು ಈಗಿರುವ ಹಾಗೇ ಇರಲಿ.

ನಾನು ಸಾಗರ ತಾಲೂಕಿನವನು. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ರಜೆ ಸಿಕ್ಕರೆ ಕಯಾಕ್ ಇಳಿಸುವ ಹುಚ್ಚು. ಕಯಾಕ್ ನೋಡದವರಿಗೆ ಒಂದು ಮಾತು: ಒಬ್ಬರು, ಇಲ್ಲವೇ ಇಬ್ಬರು ಕಾಲು ಚಾಚಿ ಕೂರುವ ಸಪೂರ ದೋಣಿ ಅದು. ಹುಟ್ಟಿನ ಎರಡೂ ತುದಿಗೆ ಅಲಗು ಇರುತ್ತದೆ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಾ ಹೋಗಬೇಕು. ಎಂಜಿನ್ ಇಲ್ಲ, ಹೊಗೆ ಇಲ್ಲ. ಕೂತವರ ಸೊಂಟ ಹೆಚ್ಚುಕಡಿಮೆ ನೀರಿನ ಮಟ್ಟಕ್ಕೇ ಇರುತ್ತದೆ. ಜನ, ವಾಹನ ದಾಟಿಸುವ ಲಾಂಚ್ ಮೇಲೆ ನಿಂತರೆ ಕಾಣದ ಎಷ್ಟೋ ಸಂಗತಿ ಕಯಾಕ್‌ನಲ್ಲಿ ಕೂತರೆ ಕಾಣುವುದು ಅದಕ್ಕೇ.

ಮನಸ್ಸಿನಲ್ಲೇ ಇದ್ದ ಈ ಮಾತನ್ನು ಈಗ ಬರೆಯಲು ಕಾರಣ ಕೇರಳ. ಕೋಝಿಕ್ಕೋಡ್ ಜಿಲ್ಲೆಯ ಕೋಡಂಚೇರಿ ಸುತ್ತಮುತ್ತ ಮಲಬಾರ್ ರಿವರ್ ಫೆಸ್ಟಿವಲ್ ಅಂತ ನಡೆಯುತ್ತದೆ. 2013ರಲ್ಲಿ ಶುರುವಾದದ್ದು. ಚಾಲಿಪುಳ, ಇರುವಂಜಿಪುಳ ಅಂತ ಎರಡು ಸಣ್ಣ ಹೊಳೆಗಳು. ನಮ್ಮ ಕಡೆಯ ಯಾವ ಹಳ್ಳದ ಮುಂದೆ ನಿಲ್ಲಿಸಿದರೂ ಗುರುತು ಸಿಗುವಂಥ ಹೊಳೆಗಳೇ. ಮಳೆಗಾಲದ ನಡುವೆ ಅವು ಬಂಡೆಗಳ ಸಂದಿಯಲ್ಲಿ ಬೆಳ್ಳಗೆ ನೊರೆ ಎಬ್ಬಿಸಿಕೊಂಡು ನುಗ್ಗುವಾಗ, ದೇಶ ವಿದೇಶಗಳಿಂದ ಕಯಾಕ್‌ನವರು ಬಂದು ಇಳಿಯುತ್ತಾರೆ. ಒಂದು ಮಳೆಗಾಲ ಗೆಳೆಯರ ಜೊತೆ ಅದನ್ನು ನೋಡಲು ಹೋಗಿದ್ದೆ.

ಅಲ್ಲಿ ಸ್ಲಾಲೊಮ್ ಅಂತ ಒಂದು ಸ್ಪರ್ಧೆ. ಹೊಳೆಯ ಮೇಲೆ ಅಡ್ಡ ತಂತಿ ಎಳೆದು ಜೋಡಿ ಜೋಡಿಯಾಗಿ ಕೋಲು ನೇತುಬಿಟ್ಟಿರುತ್ತಾರೆ, ಒಂದೊಂದು ಜೋಡಿ ಒಂದೊಂದು ಗೇಟು. ಹಸಿರು ಪಟ್ಟೆಯ ಜೋಡಿಯನ್ನು ಸೆಳವಿನ ಜೊತೆ ಹೋಗಿ ದಾಟಬೇಕು. ಕೆಂಪು ಪಟ್ಟೆಯದನ್ನು ಸೆಳವಿಗೆ ಎದುರಾಗಿ ತಿರುಗಿ ಕೆಳಗಿನಿಂದ ದಾಟಬೇಕು. ಕೋಲು ಮೈಗೆ ತಾಗಿದರೆ 2 ಸೆಕೆಂಡ್ ದಂಡ, ಗೇಟು ತಪ್ಪಿದರೆ 50 ಸೆಕೆಂಡ್. ಸೆಳವಿಗೆ ಎದುರು ತಿರುಗುವಾಗ ಅವರು ತೋಳಿನ ಬಲ ನಂಬಿ ಕೂರುವುದಿಲ್ಲ. ಬಂಡೆಯ ಹಿಂದೆ ನೀರು ವಾಪಸು ತಿರುಗುವ ಜಾಗ ಇರುತ್ತದಲ್ಲ, ಅಲ್ಲಿಗೆ ದೋಣಿಯ ಮೂತಿ ತುರುಕಿದರೆ ಸಾಕು, ಹೊಳೆಯೇ ತಿರುಗಿಸಿ ಕೊಡುತ್ತದೆ. ಇನ್ನೊಂದು ಬೋಟರ್ ಕ್ರಾಸ್. ನಾಲ್ಕಾರು ಜನ ಒಟ್ಟಿಗೆ ಧುಮುಕಿ ಒಬ್ಬರನ್ನೊಬ್ಬರು ಒತ್ತರಿಸಿಕೊಂಡು ಹೋಗುವ ರೇಸ್. ಎಲ್ಲರಿಗಿಂತ ಮೇಲಾದವರಿಗೆ ರ್‍ಯಾಪಿಡ್ ರಾಜ, ರ್‍ಯಾಪಿಡ್ ರಾಣಿ ಅಂತ ಬಿರುದು ಕೊಡುತ್ತಾರೆ. ಜೋಗದ ಕಡೆಯಿಂದ ಹೋದ ನಮಗೆ ಅದನ್ನು ಕೇಳಿ ನಗು ಬಂತು ಅನ್ನಿ. ನಮ್ಮ ಜಲಪಾತದ ರಾಜನೂ ರಾಣಿಯೂ ಯಾವ ಸ್ಪರ್ಧೆಗೂ ಸಿಗುವವರಲ್ಲ.

ನನಗೆ ಹಿಡಿಸಿದ್ದು ರೇಸ್‌ಗಿಂತ ಜಾಸ್ತಿ ದಂಡೆ. ಕೊಡೆ ಹಿಡಿದು ಬಂಡೆಗಳ ಮೇಲೆ ಊರಿಗೆ ಊರೇ ನಿಂತಿತ್ತು. ಚಾ ಕೊಡುತ್ತಿದ್ದ ಅಮ್ಮನಿಗೆ ಕೆಂಪು ಗೇಟು ಯಾವ ಕಡೆಯಿಂದ ದಾಟಬೇಕು ಅಂತ ಗೊತ್ತು. ಹುಡುಗನೊಬ್ಬ ತಪ್ಪಿದಾಗ ಆಕೆ ಸೌಟು ಹಿಡಿದುಕೊಂಡೇ 'ಅಯ್ಯೋ' ಅಂದಳು. ಕೇರಳ ಸರ್ಕಾರದ ಸಾಹಸ ಪ್ರವಾಸೋದ್ಯಮದ ಸೊಸೈಟಿ, ಜಿಲ್ಲೆಯ ಪ್ರವಾಸೋದ್ಯಮ ಮಂಡಳಿ, ಪಂಚಾಯಿತಿ ಎಲ್ಲರೂ ಸೇರಿ ಮಾಡುತ್ತಾರೆ. ಹಬ್ಬ ತಮ್ಮದು ಅನ್ನುವ ಗತ್ತು ಮಾತ್ರ ಊರಿನದ್ದು.

ಅದನ್ನೇ ಇಲ್ಲಿ ನಕಲು ಹೊಡೆಯಿರಿ ಅಂತ ನಾನು ಕೇಳುತ್ತಿಲ್ಲ. ಅವರದು ಓಡುವ ನೀರು. ನಮ್ಮ ಶರಾವತಿ ಓಡುವ ಜಾಗ ಈಗ ಕಡಿಮೆ. ಒಂದೋ ನಿಂತಿದೆ, ಇಲ್ಲ 830 ಅಡಿ ಬೀಳುತ್ತಿದೆ. ಬೀಳುವ ಕಡೆ ದೋಣಿ ಇಳಿಸುವ ಹಾಗಿಲ್ಲ. ನಿಂತ ನೀರಿನಲ್ಲಿ ರೇಸ್ ಇಟ್ಟರೆ ಅರ್ಧ ಗಂಟೆಗೆ ನೋಡುವವರು ಆಕಳಿಸುತ್ತಾರೆ. ಇಲ್ಲಿಗೆ ಒಗ್ಗುವುದು ಪಯಣ. ನಿಧಾನಕ್ಕೆ ಹುಟ್ಟು ಹಾಕುತ್ತಾ, ಅಲ್ಲಲ್ಲಿ ನಿಲ್ಲುತ್ತಾ, ಕೆಳಗೆ ಏನಿದೆ ಅಂತ ಬಲ್ಲವರಿಂದ ಕೇಳುತ್ತಾ ಹೋಗುವ ಎರಡು ಮೂರು ದಿನದ ಪಯಣ. ಆ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ವಯಸ್ಸಾಗುತ್ತಿದೆ. ನನ್ನ ಅವಸರಕ್ಕೆ ಕಾರಣ ಅದು.

ಕೆಳಗೆ ಇರುವುದು ಸಣ್ಣ ಕಥೆಯಲ್ಲ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವವರೆಗೆ ಶರಾವತಿ ಹರಿಯುವುದು ಬರೀ 128 ಕಿಲೋಮೀಟರ್. ಅಷ್ಟರಲ್ಲೇ ಅದರ ಮೇಲೆ ಎಷ್ಟು ಕಟ್ಟೆ ಕಟ್ಟಿದ್ದೇವೆ ನೋಡಿ. ಮೊದಲು ಹಿರೇಭಾಸ್ಕರ. ನಮ್ಮ ಕಡೆಯವರ ಬಾಯಲ್ಲಿ ಮಡೆನೂರು ಡ್ಯಾಂ. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು, 1948ರಲ್ಲಿ ಮುಗಿಯಿತು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಸೈಫನ್‌ಗಳು ಅದರಲ್ಲಿದ್ದವು. ನೀರು ಒಂದು ಮಟ್ಟ ಮುಟ್ಟಿತೋ, ಯಾರೂ ಗೇಟು ಎತ್ತಬೇಕಿಲ್ಲ, ಹೆಚ್ಚಾದದ್ದನ್ನು ಸೈಫನ್ ತಾನೇ ಎಳೆದು ಆಚೆ ಹಾಕುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಜಾಣತನ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಪೂರ್ಣ ಮಟ್ಟ 1819 ಅಡಿ, ಹಿಡಿಯುವ ನೀರು 151 ಟಿಎಂಸಿ. ಊರು, ಗದ್ದೆ, ತೋಟದ ಜೊತೆಗೆ ಮಡೆನೂರು ಡ್ಯಾಮನ್ನೂ ಅದು ಮುಳುಗಿಸಿತು. ಒಂದು ಅಣೆಕಟ್ಟೆ ಇನ್ನೊಂದನ್ನು ನುಂಗಿದ್ದನ್ನು ನೋಡಬೇಕಾದರೆ ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಬರಬೇಕು. ನೀರು ತಳ ಕಂಡಾಗ ಹಳೇ ಕಟ್ಟೆ ಎದ್ದು ನಿಲ್ಲುತ್ತದೆ. ಆಗ ಕಾರು ಬೈಕು ತಗೊಂಡು ಜನ ಸೆಲ್ಫಿಗೆ ಬರುತ್ತಾರೆ. ಅಲ್ಲಿ ನಿಂತು ಇದು ಏನು, ಯಾಕೆ ಅಂತ ಹೇಳುವವರು ಒಬ್ಬರೂ ಇರುವುದಿಲ್ಲ.

ಮುಳುಗಡೆಯವರ ಕಥೆ ನಿಮ್ಮ ಕಚೇರಿಯ ಕಡತಗಳಲ್ಲಿ ನನಗಿಂತ ಚೆನ್ನಾಗಿದೆ. ಸಾಗರ, ಹೊಸನಗರ, ಶಿವಮೊಗ್ಗ, ಶಿಕಾರಿಪುರದ ಕಾಡುಗಳಿಗೆ ಅವರನ್ನು ಕಳಿಸಿದ್ದು, ಕೊಟ್ಟ ಜಾಗ ಅರಣ್ಯದ ಲೆಕ್ಕದಲ್ಲೇ ಉಳಿದದ್ದು, ಮೂರನೇ ತಲೆಮಾರು ಬಂದರೂ ಹಕ್ಕುಪತ್ರಕ್ಕೆ ಅಲೆಯುವ ಕುಟುಂಬಗಳು ಇರುವುದು. ಆಚೆ ದಂಡೆಯಲ್ಲೇ ಉಳಿದ ತುಮರಿ, ಬ್ಯಾಕೋಡು ಕಡೆಯವರದು ಇನ್ನೊಂದು ಪಾಡು. ಮೂರು ಸುತ್ತ ನೀರು, ಒಂದು ಸುತ್ತ ಕಾಡು. ಸಾಗರದ ಆಸ್ಪತ್ರೆಗೆ ಹೋಗಬೇಕಾದರೂ ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ ದೇವರೇ ಗತಿ. ಅವರ ಗದ್ದೆ ಮುಳುಗಿಸಿದ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಕೊಳವೆಯಲ್ಲಿ ಇಳಿದು, 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ತಿರುಗಿಸುತ್ತದೆ. ಬೆಂಗಳೂರಿಗೆ ಅದರ ಬೆಳಕು ಸಿಕ್ಕಿದಷ್ಟು ಸುಲಭಕ್ಕೆ ಅವರಿಗೆ ಒಂದು ಸೇತುವೆ ಸಿಗಲಿಲ್ಲ. ಕೊನೆಗೆ 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆ ಆಯಿತು. 2.44 ಕಿಲೋಮೀಟರ್ ಉದ್ದ, ಕೇಬಲ್‌ಗಳ ಮೇಲೆ ನಿಂತದ್ದು. ಲಿಂಗನಮಕ್ಕಿ ಕಟ್ಟಿ ಆರು ದಶಕ ಕಳೆದಿತ್ತು.

ಕಯಾಕ್ ಯಾಕೆ ಅಂತ ಈಗ ಹೇಳುತ್ತೇನೆ. ನೀರು ಇಳಿಯುವ ತಿಂಗಳುಗಳಲ್ಲಿ ಒಮ್ಮೆ ಒಬ್ಬ ಅಜ್ಜನನ್ನು ಜೋಡಿ ಕಯಾಕ್‌ನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ದೀವರ ಸಮುದಾಯದ ಅಜ್ಜ, ಊರು ಮುಳುಗುವಾಗ ಇನ್ನೂ ಹುಡುಗ. ಲೈಫ್ ಜಾಕೆಟ್ ಹಾಕಲು ಮೊದಲು ಒಪ್ಪಲಿಲ್ಲ. 'ನಾ ಈಜಿದ ಹೊಳೆಗೆ ನಿನ್ನ ಚೀಲ ಬೇರೆ ಬೇಕಾ ಮಾರಾಯ' ಅಂದರು. ಆಮೇಲೆ ಹಾಕಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಕೈ ಎತ್ತಿ ನಿಲ್ಲಿಸಿದರು. ನನಗೆ ಅಲ್ಲಿ ಕಂಡದ್ದು ನೀರು, ನೀರಿನಿಂದ ತಲೆ ಎತ್ತಿದ ಕಪ್ಪು ಬೊಡ್ಡೆಗಳು. ಅವರು ಎರಡು ಗುಡ್ಡದ ತಲೆ ನೋಡಿದರು, ನಡುವಿನ ಕಣಿವೆ ನೋಡಿದರು, ಬೆರಳಲ್ಲೇ ಗೆರೆ ಎಳೆದ ಹಾಗೆ ಮಾಡಿ, 'ಹಿಂದೆ ಬಾ, ಇನ್ನೂ ಒಂದು ಮಾರು, ಹಾಂ, ಇದು ನಮ್ಮ ಕಣ' ಅಂದರು. ಹುಟ್ಟನ್ನು ನೆಟ್ಟಗೆ ಕೆಳಗೆ ಬಿಟ್ಟೆ. ತುದಿಗೆ ಕಲ್ಲು ತಾಗಿ ಟಕ್ ಅಂದಿತು. ಪಕ್ಕಕ್ಕೆ ಸರಿಸಿದರೆ ಬರೀ ಕೆಸರು, ಮತ್ತೆ ಸರಿಸಿದರೆ ಮತ್ತೆ ಕಲ್ಲು. ಜಂಬಿಟ್ಟಿಗೆಯ ಗೋಡೆಯ ಸಾಲು ಅದು. ಅಜ್ಜ ಅಳಲಿಲ್ಲ, ಸಿನಿಮಾದ ಹಾಗೆ ಏನೂ ಆಗಲಿಲ್ಲ. ಕಣದ ಪಕ್ಕದ ಹಲಸಿನ ಮರದ ಹಣ್ಣು ಯಾರ ಪಾಲಿಗೆ ಬರಬೇಕು ಅಂತ ಅಪ್ಪನಿಗೂ ದೊಡ್ಡಪ್ಪನಿಗೂ ಇದ್ದ ಜಗಳವನ್ನು ವಾಪಸು ಬರುವವರೆಗೂ ಹೇಳಿದರು. ಜಗಳದಲ್ಲಿ ದೊಡ್ಡಪ್ಪನದೇ ತಪ್ಪಂತೆ.

ಲಾಂಚ್‌ನಲ್ಲಿ ಹೋದರೆ ಅಷ್ಟು ಹತ್ತಿರ ನಿಲ್ಲಲು ಆಗದು. ಮೋಟಾರು ದೋಣಿ ತಂದರೆ ಅಜ್ಜನ ಮಾತೇ ಕೇಳಿಸದು. ಹಾಗಾಗಿ ನನ್ನ ಕೋರಿಕೆ ಇಷ್ಟು: ಹಬ್ಬದ ದಾರಿಯನ್ನು ಇಂಥವರು ಗುರುತು ಮಾಡಲಿ. ಎಲ್ಲಿ ಶಾಲೆ ಇತ್ತು, ಎಲ್ಲಿ ಸಂತೆ ಕೂರುತ್ತಿತ್ತು, ಯಾವ ದೇವರನ್ನು ಎತ್ತಿಕೊಂಡು ಎಲ್ಲಿಗೆ ಹೋದರು, ಅವರೇ ಹೇಳಲಿ. ಕಯಾಕ್‌ನವರು ಅಲ್ಲಲ್ಲಿ ನಿಂತು ಕೇಳಲಿ. ನೆನಪಿರುವ ಜಾಗಗಳನ್ನೆಲ್ಲ ಒಂದು ನಕ್ಷೆಗೆ ಏರಿಸಿ. ಅಣೆಕಟ್ಟೆಗಿಂತ ಹಿಂದಿನ ಸರ್ವೆ ನಕ್ಷೆಗಳು ಸರ್ಕಾರದ ಬಳಿಯೇ ಇರುತ್ತವೆ, ಅವುಗಳ ಪಕ್ಕ ಇದನ್ನು ಇಟ್ಟು ನೋಡಬಹುದು. ಹಬ್ಬ ಮುಗಿದ ಮೇಲೂ ಉಳಿಯುವಂಥದ್ದು ಇದು.

ಇನ್ನೊಂದು ದಾರಿ ಇದಕ್ಕಿಂತ ಹಳೆಯದು. 1623ರಲ್ಲಿ ಪಿಯೆತ್ರೊ ಡೆಲ್ಲಾ ವಾಲೆ ಅನ್ನುವ ಇಟಲಿಯ ಪ್ರವಾಸಿ, ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ಆಗ ಕೆಳದಿಯ ವೆಂಕಟಪ್ಪ ನಾಯಕನ ಆಳ್ವಿಕೆ. ಅವರು ಹೊನ್ನಾವರದಲ್ಲಿ ದೋಣಿ ಹತ್ತಿ ಶರಾವತಿಯಲ್ಲೇ ಗೇರುಸೊಪ್ಪೆವರೆಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಹೊಳೆಯ ಚೆಲುವನ್ನು ಅವನು ಬಾಯಿ ತುಂಬ ಹೊಗಳಿ ಊರಿಗೆ ಕಾಗದ ಬರೆದಿದ್ದಾನೆ. ಗೇರುಸೊಪ್ಪೆ ಅಷ್ಟೊತ್ತಿಗೆ ಹಾಳು ಬಿದ್ದು ಕಾಡು ಬೆಳೆದಿತ್ತು. ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಬಾಯಲ್ಲಿ 'ಮೆಣಸಿನ ರಾಣಿ' ಅನ್ನಿಸಿಕೊಂಡ ಚೆನ್ನಭೈರಾದೇವಿಯ ಊರು ಅದು. ಅವಳನ್ನು ಸೋಲಿಸಿದ್ದು ಇದೇ ಕೆಳದಿಯವರು. ಘಟ್ಟದ ಮೆಣಸು ಇಳಿದು ಕಡಲಿಗೆ ಹೋಗುತ್ತಿದ್ದದ್ದು ಇದೇ ಹೊಳೆಯಲ್ಲಿ.

ಈ ದಾರಿಯನ್ನು ಹಬ್ಬಕ್ಕೆ ಸೇರಿಸಬಹುದು ಅಲ್ವಾ? ಮೇಲೆ ಎರಡು ದಿನ ಹಿನ್ನೀರು. ಆಮೇಲೆ ಸಾಗರದ ಪಕ್ಕದ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ವಸ್ತುಸಂಗ್ರಹಾಲಯ. ಬಸ್ಸಿನಲ್ಲಿ ಘಟ್ಟ ಇಳಿದು, ನಗರಬಸ್ತಿಕೇರಿಯ ಚತುರ್ಮುಖ ಬಸದಿ ನೋಡಿ, ಕೊನೆಯ ದಿನ ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಕಯಾಕ್. ಡೆಲ್ಲಾ ವಾಲೆ ಬಂದ ದಾರಿಯಲ್ಲೇ ಹಿಂದಕ್ಕೆ. ಕೆಳಗಿನ ಭಾಗ ಉತ್ತರ ಕನ್ನಡಕ್ಕೆ ಸೇರಿದ್ದು ನನಗೆ ಗೊತ್ತು. ಎರಡು ಜಿಲ್ಲೆಯವರು ಒಂದು ಮೇಜಿನ ಸುತ್ತ ಕೂರಬೇಕಾಗುತ್ತದೆ. ಕೂರಲಿ ಬಿಡಿ.

ಈಗ ನೀರಿನ ವ್ಯವಹಾರ. ಇದರಲ್ಲಿ ಸಲಿಗೆ ಬೇಡ.

ಕಾಲ ಮುಖ್ಯ. ಮಳೆಗಾಲದ ಹಿನ್ನೀರು ಕಡಲಿನ ಥರ, ಗಾಳಿಗೆ ದಿಕ್ಕಿಲ್ಲ. ಬೇಸಿಗೆಗೆ ನೀರು ಎಷ್ಟೋ ದೂರ ಹಿಂದೆ ಸರಿದು, ಮೊಣಕಾಲುದ್ದ ಕೆಸರಿನಲ್ಲಿ ಕಯಾಕ್ ಎಳೆಯಬೇಕು. ನೀರು ತಗ್ಗಿದಾಗ ಲಾಂಚ್‌ಗಳೇ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದವು, ನಿಮಗೆ ನೆನಪಿರಬಹುದು. ನವೆಂಬರ್, ಡಿಸೆಂಬರ್ ಸರಿ. ಜಲಾಶಯ ತುಂಬಿದ್ದರೆ ನೀರು ಇನ್ನೂ ಮೇಲೆ ಇರುತ್ತದೆ, ಬೆಳಗಿನ ಹೊತ್ತು ಮಂಜು, ಗಾಳಿ ಕಡಿಮೆ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಅಗಲದ ನೀರಿನಲ್ಲಿ ಅಲೆ ಏಳುತ್ತದೆ. ಹೊಸಬರು ಊಟದ ಹೊತ್ತಿಗೆ ದಂಡೆ ಸೇರಿರಬೇಕು.

ಬೊಡ್ಡೆಗಳ ಬಗ್ಗೆ ಹೇಳಲೇಬೇಕು. ಮುಳುಗಿದ ಕಾಡಿನ ಮರದ ಬೊಡ್ಡೆಗಳು ಇನ್ನೂ ಹಾಗೇ ನಿಂತಿವೆ. ನೀರಿನ ಮೇಲೆ ಕಾಣುವ ಬೊಡ್ಡೆಯಿಂದ ತೊಂದರೆ ಇಲ್ಲ, ಸುತ್ತಿ ಹೋಗಬಹುದು. ನಾಲ್ಕು ಬೆರಳು ಕೆಳಗೆ ಅಡಗಿದ್ದು ಅಪಾಯ. ಕಯಾಕ್ ಜೋರಾಗಿ ಬಂದು ಅದರ ಮೇಲೆ ಏರಿ ಕೂತರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹೆದರಿ ಒಂದು ಕಡೆ ವಾಲಿದರೆ ಮಗುಚಿತು. ನೀರಿನ ಮಟ್ಟ ಒಂದಡಿ ಆಚೀಚೆ ಆದರೆ ನಿನ್ನೆಯ ಒಳ್ಳೆ ದಾರಿ ಇವತ್ತು ಕೆಟ್ಟ ದಾರಿ. ಇದು ಗೊತ್ತಿರುವುದು ದಿನಾ ಬಲೆ ಬಿಡುವವರಿಗೆ. ಹಬ್ಬಕ್ಕೆ ದಾರಿ ತೋರುವ ದೋಣಿ ಅವರದ್ದೇ ಆಗಿರಲಿ, ದಿನಗೂಲಿ ಸರಿಯಾಗಿ ಕೊಡಿ. ಅವರ ಬಲೆ ಇರುವ ಕಡೆ ಕಯಾಕ್ ಹೋಗದ ಹಾಗೆ ಮೊದಲೇ ಮಾತಾಡಿಕೊಳ್ಳಿ.

ಮಳೆಗಾಲದಲ್ಲಿ ಪೇಪರ್ ತೆರೆದರೆ ಲಿಂಗನಮಕ್ಕಿಯ ಮಟ್ಟ ಇಷ್ಟು ಅಡಿ ಅಂತ ಸಿಗುತ್ತದೆ. ಅದೇ ಲೆಕ್ಕ ವರ್ಷವಿಡೀ ಹೊಳೆಬಾಗಿಲು, ಹೊನ್ನೆಮರಡು, ಮುಪ್ಪಾನೆಯಂಥ ಕಡೆ ಒಂದು ಬೋರ್ಡಿನ ಮೇಲೆ ಸಿಗಲಿ. ಗೇರುಸೊಪ್ಪೆಯ ಅಣೆಕಟ್ಟೆಯ ಕೆಳಗೆ ಇನ್ನೂ ಜೋಪಾನ ಬೇಕು. ವಿದ್ಯುತ್‌ಗೆ ಬೇಡಿಕೆ ಬಂದಾಗ ನೀರು ಬಿಡುತ್ತಾರೆ, ಹೊಳೆ ಏರುತ್ತದೆ. ಯಾವ ಹೊತ್ತಿಗೆ ಎಷ್ಟು ಬಿಡುತ್ತಾರೆ ಅಂತ ನಿಗಮದವರು ಹಿಂದಿನ ದಿನವೇ ಹೇಳಿದರೆ ಅದು ಸಮಸ್ಯೆಯೇ ಅಲ್ಲ. ಕಾಳಿ ಹೊಳೆಯಲ್ಲಿ ಗಣೇಶಗುಡಿಯ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರಿನ ಮೇಲೆ. ಅಲ್ಲಿ ಆಗುವುದು ಇಲ್ಲಿಯೂ ಆಗಬೇಕು.

ಲೈಫ್ ಜಾಕೆಟ್ ಹಾಕದವರು ನೀರಿಗೆ ಇಳಿಯಬಾರದು. ಮಂತ್ರಿಗಳು ಬಂದರೂ ಅಷ್ಟೇ. ಉದ್ಘಾಟನೆಗೆ ಬಂದವರು ಫೋಟೋಕ್ಕೆ ಅಂತ ಹಾರದ ಸಮೇತ ಕಯಾಕ್ ಹತ್ತುವುದನ್ನು ದಯವಿಟ್ಟು ತಪ್ಪಿಸಿ. ಹಿನ್ನೀರಿನಲ್ಲಿ ತೆಪ್ಪ ಮಗುಚಿ ಹುಡುಗರು ಹೋದ ಸುದ್ದಿ ಓದುತ್ತಲೇ ಇರುತ್ತೇವೆ. ಈಜು ಬಂದರೂ ಮುಳುಗುತ್ತಾರೆ, ಯಾಕೆಂದರೆ ಬಟ್ಟೆ ಬೂಟು ಸಮೇತ ದಂಡೆಯಿಂದ ದೂರ ಈಜುವುದು ಬೇರೆಯೇ ಕೆಲಸ.

ಅನುಮತಿಯ ವಿಷಯ. ನೀರು ವಿದ್ಯುತ್ ನಿಗಮದ್ದು, ದಂಡೆಯ ಎಷ್ಟೋ ಭಾಗ ಅರಣ್ಯದ್ದು, ಅದರಲ್ಲೂ ಸ್ವಲ್ಪ 1972ರಿಂದ ಶರಾವತಿ ಕಣಿವೆ ಅಭಯಾರಣ್ಯ. ಜನ ಪಂಚಾಯಿತಿಯವರು, ಪ್ರವಾಸಿಗರು ಪ್ರವಾಸೋದ್ಯಮದವರು. ಒಮ್ಮೆ ನಾವು ಕೆಲವರು ಒಂದು ನಡುಗಡ್ಡೆಯಲ್ಲಿ ರಾತ್ರಿ ಉಳಿಯಲು ಅನುಮತಿ ಕೇಳಿದೆವು. ಒಂದು ಕಚೇರಿಯಲ್ಲಿ ನೀರು ನಮ್ಮದು, ನೆಲ ಗೊತ್ತಿಲ್ಲ ಅಂದರು. ಇನ್ನೊಂದರಲ್ಲಿ ನೆಲ ನಮ್ಮದು, ದೋಣಿ ಗೊತ್ತಿಲ್ಲ ಅಂದರು. ಮತ್ತೊಂದರಲ್ಲಿ ಅರ್ಜಿ ತಗೊಂಡು ಸೀಲು ಹೊಡೆದರು, ಅದು ಇನ್ನೂ ಅಲ್ಲೇ ಇರಬೇಕು. ಹೋಗಬೇಡಿ ಅಂತ ಯಾರೂ ಹೇಳಲಿಲ್ಲ, ಹೋಗಿ ಅಂತಲೂ ಹೇಳಲಿಲ್ಲ. ಇದರಿಂದ ಆಗುವುದು ಇಷ್ಟೇ: ನಿಯಮ ಪಾಲಿಸುವವರು ಮನೆಯಲ್ಲಿ ಕೂರುತ್ತಾರೆ, ಉಳಿದವರು ಬಿಯರ್ ಬಾಟ್ಲಿ ಸಮೇತ ನಡುಗಡ್ಡೆಗೆ ಹೋಗುತ್ತಾರೆ. ನೀವು ಜಿಲ್ಲಾಧಿಕಾರಿಗಳು, ಎಲ್ಲರನ್ನೂ ಒಂದೇ ಕಡೆ ಕೂರಿಸುವ ಅಧಿಕಾರ ನಿಮಗಿದೆ. ಒಂದೇ ಅರ್ಜಿ, ಒಂದೇ ಕಡೆ ಉತ್ತರ. ಎಲ್ಲಿಗೆ ಹೋಗಬಹುದು, ಎಲ್ಲಿಗೆ ಬೇಡವೇ ಬೇಡ ಅಂತ ಒಂದು ನಕ್ಷೆ. ಅಭಯಾರಣ್ಯದ ಕಡೆ ಬೇಡ ಅಂದರೆ ಕಯಾಕ್‌ನವರು ಖುಷಿಯಿಂದ ಒಪ್ಪುತ್ತಾರೆ, ಸಿಂಗಳೀಕಗಳಿಗೆ ನಮ್ಮ ಮುಖ ನೋಡುವ ಆಸೆ ಏನಿಲ್ಲ.

ಇದನ್ನು ಶಿವಮೊಗ್ಗದ ಹತ್ತಿರವೇ ಮಾಡಬಹುದಲ್ಲ, ಗಾಜನೂರಿನಲ್ಲಿ ತುಂಗೆ ಇದ್ದಾಳೆ, ಲಕ್ಕವಳ್ಳಿಯಲ್ಲಿ ಭದ್ರೆ ಇದ್ದಾಳೆ ಅಂತ ಯಾರಾದರೂ ಹೇಳುತ್ತಾರೆ. ಹೇಳಲಿ, ಆದರೆ ಗಾಜನೂರಿನ ಹಿನ್ನೀರಿಗೆ ಸಕ್ರೆಬೈಲಿನ ಆನೆಗಳು ಸ್ನಾನಕ್ಕೆ ಬರುತ್ತವೆ. ಮೇಲೆ ಮಂಡಗದ್ದೆಯ ನಡುಗಡ್ಡೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಭದ್ರೆಯಲ್ಲಿ ನೀರು ಇಳಿದು ನಡುಗಡ್ಡೆ ತೆರೆದುಕೊಂಡಾಗ ರೀವ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ, ದೋಣಿ ಹತ್ತಿರ ಬಂದರೆ ಎದ್ದು ಹಾರುತ್ತವೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಅಲ್ಲೂ ಕಯಾಕ್ ಮಾಡಬಹುದು, ಕಾಲ ನೋಡಿ, ದೂರ ನೋಡಿ. ಮೊದಲ ಹಬ್ಬಕ್ಕೆ ಮಾತ್ರ ಶರಾವತಿಯೇ ಸರಿ. ಸೇತುವೆ ಬಂದ ಮೇಲೆ ತುಮರಿ ಕಡೆಯ ಹುಡುಗ ಹುಡುಗಿಯರಿಗೆ ಸಾಗರಕ್ಕೆ ಹೋಗುವುದು ಸುಲಭವಾಗಿದೆ. ಹಾಗೇ ಬೆಂಗಳೂರಿಗೆ ಹೋಗಿಬಿಡುವುದೂ ಸುಲಭವಾಗಿದೆ. ಅಲ್ಲೇ ಇದ್ದು ಮಾಡುವಂಥ ಕೆಲಸ ಒಂದಾದರೂ ಹುಟ್ಟಬೇಕು. ವರ್ಷಗಟ್ಟಲೆ ಲಾಂಚ್ ನಡೆಸಿದವರಿಗೆ ಈ ನೀರಿನ ಗಾಳಿ, ಆಳ, ಮಂಜು ಎಲ್ಲ ಬಾಯಿಪಾಠ. ರಕ್ಷಣಾ ದೋಣಿಗೆ ಅವರಿಗಿಂತ ಒಳ್ಳೆಯವರು ಯಾರು ಸಿಗುತ್ತಾರೆ? ಹೊಸಬರಿಗೆ ಕಯಾಕ್ ಕಲಿಸುವುದು, ಮಗುಚಿದವರನ್ನು ಎತ್ತುವುದು, ಪ್ರಥಮ ಚಿಕಿತ್ಸೆ, ಇವುಗಳ ತರಬೇತಿಯನ್ನು ಹಬ್ಬಕ್ಕೆ ಆರು ತಿಂಗಳು ಮೊದಲೇ ಶುರು ಮಾಡಿ. ಹೊರಗಿನ ಕಂಪನಿಗೆ ಟೆಂಡರ್ ಕೊಟ್ಟು, ನಮ್ಮವರನ್ನು ಪಾರ್ಕಿಂಗ್ ನೋಡಿಕೊಳ್ಳಲು ನಿಲ್ಲಿಸಬೇಡಿ.

ಊಟ ಊರಿನವರ ಮನೆಯಲ್ಲೇ ಆಗಲಿ. ಕೊಟ್ಟೆ ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇದ್ದರೆ ಗೋಬಿ ಮಂಚೂರಿಯ ಗಾಡಿ ಬೇಕಿಲ್ಲ. ಬಹುಮಾನ ಅಂತ ಏನಾದರೂ ಕೊಡಲೇಬೇಕಿದ್ದರೆ ಆ ಪ್ಲಾಸ್ಟಿಕ್ ಕಪ್ ಬೇಡ, ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಕೊಡಿ. ಭೂಮಿ ಹುಣ್ಣಿಮೆಗೆ ಅವರು ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಬಿಳಿ ಗೆರೆಗಳನ್ನು ನೋಡಿದವರಿಗೆ ನಾನು ಹೇಳುವುದು ಗೊತ್ತಾಗುತ್ತದೆ. ಬರೆದವರಿಗೆ ಅದಕ್ಕೆ ಸರಿಯಾದ ಬೆಲೆ ಕೊಡಿ.

ದುಡ್ಡಿನ ಮಾತು ಬಂದೇ ಬರುತ್ತದೆ. ವೇದಿಕೆ, ಲೈಟು, ರಸಮಂಜರಿ ತೆಗೆದುಹಾಕಿದರೆ ಉಳಿಯುವ ಖರ್ಚು ಅಂಥ ಭಾರೀ ಏನಲ್ಲ. ಕಯಾಕ್‌ನವರು ತಮ್ಮ ದೋಣಿ ತಾವೇ ತರುತ್ತಾರೆ. ತಾಳಗುಪ್ಪದವರೆಗೆ ರೈಲಿದೆ. ಮೊದಲ ವರ್ಷ ಸಣ್ಣದಾಗಿಯೇ ಮಾಡಿ. ಕೋಡಂಚೇರಿಯವರೂ ಒಂದೇ ಮಳೆಗಾಲದಲ್ಲಿ ಈಗಿನ ಮಟ್ಟಕ್ಕೆ ಬಂದವರಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಹಕ್ಕುಪತ್ರ ಸಿಗದ ಕುಟುಂಬದವರು ಈ ಪತ್ರ ಓದಿ, ನಮ್ಮ ಊರು ಮುಳುಗಿಸಿ ಈಗ ಅದರ ಮೇಲೆ ಹಬ್ಬ ಮಾಡುತ್ತೀರಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ನಿಮ್ಮ ಹತ್ತಿರ ಇದೆ. ಹಬ್ಬದ ಕಡತದ ಜೊತೆಗೆ ಆ ಕಡತವೂ ಸರಿಯಲಿ. ಅವರು ಬೇಡ ಅಂದರೆ ನಾನೂ ಈ ಕೋರಿಕೆ ವಾಪಸು ತಗೊಳ್ಳುತ್ತೇನೆ.

ಹಾಗಾಗಿ ಮೊದಲ ಸಭೆಯನ್ನು ಶಿವಮೊಗ್ಗದ ಹವಾನಿಯಂತ್ರಿತ ಸಭಾಂಗಣದಲ್ಲಿ ಕರೆಯಬೇಡಿ. ತುಮರಿಯಲ್ಲಿ ಕರೆಯಿರಿ. ನಾಟಿ, ಕೊಯ್ಲು ಇಲ್ಲದ ದಿನ ನೋಡಿ, ಬೆಳಿಗ್ಗೆ ಹತ್ತಕ್ಕೆ ಅಂತ ಹೇಳಿ, ಹತ್ತಕ್ಕೇ ಬನ್ನಿ. ಅರಣ್ಯದವರು, ನಿಗಮದವರು, ಬಲೆ ಬಿಡುವವರು, ಲಾಂಚ್‌ನವರು, ಮುಳುಗಡೆಯ ಹಿರಿಯರು ಎಲ್ಲ ಇರಲಿ. ಹಳೇ ಸರ್ವೆ ನಕ್ಷೆಯ ಒಂದು ದೊಡ್ಡ ಪ್ರಿಂಟ್ ತನ್ನಿ, ಗೋಡೆಗೆ ಅಂಟಿಸಲು ಟೇಪ್ ನಾವು ತರುತ್ತೇವೆ. ಬರುವ ವರ್ಷದ ಡಿಸೆಂಬರ್‌ಗೆ ಹಬ್ಬ ಆಗಬೇಕಾದರೆ ಈ ಬೇಸಿಗೆ ಮುಗಿಯುವುದರೊಳಗೆ ಆ ಸಭೆ ಆಗಬೇಕು. ನೀರು ಇಳಿದಿರುವಾಗಲೇ ಬೊಡ್ಡೆಗಳನ್ನೂ ಹಳೇ ಗೋಡೆಗಳನ್ನೂ ಗುರುತು ಹಾಕಬೇಕಲ್ಲ.

ಇಂತಿ ತಮ್ಮ ವಿಶ್ವಾಸಿ,
ಸಾಗರ ತಾಲೂಕಿನ ಒಬ್ಬ ಕಯಾಕ್ ಹುಚ್ಚ